ನಗರದ ಬೆಳಕೂ ಗುಬ್ಬಿಯ ನಾಟಕವೂ

ನಗರವು ಬೆಳೆದರೆ ಕಲೆಯೂ ಬೆಳೆಯುವುದೆಂಬುದು ರೂಢಿಯ ಮಾತು. ನಮ್ಮ ಗುಬ್ಬಿಯ ನಾಟಕ ಕಂಪನಿಯ ಚರಿತ್ರೆಯನ್ನು ನೋಡಿದರೆ ಇದನ್ನು ಹಾಗೆಯೇ ಒಪ್ಪಲು ಮನಸ್ಸು ಹಿಂಜರಿಯುತ್ತದೆ. 1884ರಲ್ಲಿ ಸಣ್ಣ ಪೇಟೆಯೊಂದರಲ್ಲಿ ಹುಟ್ಟಿದ ಈ ಮೇಳವು ಊರೂರು ತಿರುಗಿ ಕಡೆಗೆ ಬೆಂಗಳೂರಿನಲ್ಲಿ ಸ್ವಂತ ರಂಗಮಂದಿರವನ್ನೇ ಪಡೆಯಿತು.

ಆ ಬೆಂಗಳೂರಾದರೂ ಎಂಥದು! 1898ರ ಪ್ಲೇಗಿನಿಂದ ಹಳೆಯ ಪೇಟೆಯು ತತ್ತರಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ತುಂಬಿದವು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪಗಳು ಬೆಳಗಿದವು. ಗಿರಣಿ ಕಚೇರಿಗಳನ್ನು ನೆಚ್ಚಿ ನಾನಾ ಸೀಮೆಯ ಜನರು ಬಂದು ನೆರೆದರು. ಪರಸ್ಪರ ಪರಿಚಯವಿಲ್ಲದ ಇಂಥ ಸಭೆಯನ್ನು ಒಲಿಸಿಕೊಳ್ಳಲು ಮೊದಲು ಕಣ್ಣನ್ನು ಗೆಲ್ಲಬೇಕು. ಭರತಮುನಿಯು ಹೇಳಿದ ನಾಲ್ಕು ಅಭಿನಯಗಳಲ್ಲಿ ಆಹಾರ್ಯವು, ಎಂದರೆ ವೇಷಭೂಷಣ ಸಲಕರಣೆಗಳ ಭಾಗವು, ಪ್ರಬಲಿಸಿದ್ದು ಹೀಗೆ.

ಗುಬ್ಬಿ ವೀರಣ್ಣನವರು 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಸಾಹಸವು ಸಾಮಾನ್ಯವಲ್ಲ, ಹಳಿಯುವವರು ಅಂಥದೊಂದು ಮೇಳವನ್ನು ಒಂದು ತಿಂಗಳು ಸಾಕಿ ನೋಡಲಿ. ಆದರೆ ಆನೆಯು ಎದುರಿಗೆ ನಿಂತಿರುವಾಗ ಮಾತಿನೊಳಗಣ ಕರುಣರಸಕ್ಕೆ ಕಿವಿಗೊಡುವವರಾರು?

ಅದೇ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ಬಂದಾಗ ಆನೆಯೂ ಬೇಕಾಗಲಿಲ್ಲ, ಕುದುರೆಯೂ ಬೇಕಾಗಲಿಲ್ಲ. ಅವರ ಕೀರ್ತಿಯಲ್ಲಿ ಹೆಚ್ಚಿನ ಪಾಲು ಆ ಕಳ್ಳನದೇ ಎಂದು ನನ್ನ ಅಭಿಪ್ರಾಯ. ಅಂಥ ಹಾಸ್ಯವು ಬಸವನಗುಡಿಯ ವಕೀಲನಿಗೂ ಕುಣಿಗಲು ಸಂತೆಯ ರೈತನಿಗೂ ಸಮನಾಗಿ ದಕ್ಕುವುದು; ವಿದ್ಯುದ್ದೀಪದಲ್ಲಿ ನೋಡಿದರೂ ಸರಿ, ಪಂಜಿನ ಬೆಳಕಿನಲ್ಲಿ ನೋಡಿದರೂ ಸರಿ. ನಮ್ಮ ಜಿಲ್ಲೆಯ ಹವ್ಯಾಸಿಗಳು ‘ಸದಾರಮೆ’ಯನ್ನು ಪುನಃ ಆಡುವುದಾದರೆ ಪರದೆಗಳಿಗೆ ವಂತಿಗೆ ಎತ್ತುವ ಮೊದಲು ಕಳ್ಳನ ಪಾತ್ರಕ್ಕೆ ತಕ್ಕವನನ್ನು ಹುಡುಕಲಿ.