ಕಲ್ಯಾಣದ ಅರಸುತನ, ನಿಲಂಗದ ಕಲ್ಲು

ನಿಲಂಗದ ನೀಲಕಂಠೇಶ್ವರನ ಗುಡಿ ಮನಸ್ಸನ್ನು ತಡೆದು ನಿಲ್ಲಿಸುತ್ತದೆ. ಮೂರು ಗರ್ಭಗೃಹಗಳನ್ನು ಒಂದು ಮಂಟಪಕ್ಕೆ ಕೂಡಿಸಿದ ಆ ತ್ರಿಕೂಟದ ಹೊರಭಿತ್ತಿಯ ಸುರಸುಂದರಿಯರನ್ನು ಕಂಡವರಿಗೆ, ಇದು ಯಾವ ಮನೆತನದ ಶಿಲ್ಪವೆಂದು ಬೇರೆ ಹೇಳಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯರು ಬೆಳೆಸಿದ ಸಂಪ್ರದಾಯವೇ ಇಲ್ಲಿಯ ಕರಿಕಲ್ಲಿನಲ್ಲಿ ಮಾತಾಡುತ್ತಿದೆ.

ಹೀಗಿರಲು, ಈ ಗುಡಿಯನ್ನೂ ಉಮರ್ಗಾದ ಮಹಾದೇವಾಲಯವನ್ನೂ ‘ಹೇಮಾಡಪಂತಿ’ ಎಂದು ಕರೆದು ಮುಗಿಸಿಬಿಡುವ ರೂಢಿಯನ್ನು ನಾನು ಎಂದಿಗೂ ಒಪ್ಪಲಾರೆ. ಆ ಹೆಸರಿಗೆ ಮೂಲನಾದ ಮಂತ್ರಿ ಹೇಮಾದ್ರಿ ‘ಚತುರ್ವರ್ಗಚಿಂತಾಮಣಿ’ಯನ್ನು ರಚಿಸಿದ ಮಹಾಪಂಡಿತನೆಂಬುದು ನಿಜ, ಆದರೆ ಅವನು ದೇವಗಿರಿಯ ಯಾದವರಾದ ಮಹಾದೇವ, ರಾಮಚಂದ್ರರ ಆಸ್ಥಾನದಲ್ಲಿದ್ದುದು 13ನೆಯ ಶತಮಾನದ ಉತ್ತರಾರ್ಧದಲ್ಲಿ. ಅವನ ಹೆಸರಿಗೆ ಹಚ್ಚುವ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸುವ ವಿದ್ಯೆಯಾದರೋ 8ನೆಯ ಶತಮಾನದ ಪಟ್ಟದಕಲ್ಲಿನಲ್ಲಿಯೇ ಸಿದ್ಧಿಸಿತ್ತು. ಒಬ್ಬ ಮಂತ್ರಿಯ ಹೆಸರಿನಲ್ಲಿ ಐದು ಶತಮಾನಗಳ ರೂವಾರಿಗಳನ್ನು ಮರೆಯಿಸುವುದು ಇತಿಹಾಸಕ್ಕೆ ಎಸಗುವ ಅನ್ಯಾಯ.

ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣದಲ್ಲಿ ನೆಲೆಸಿದಂದಿನಿಂದ ಈ ಎಲ್ಲ ಊರುಗಳೂ ರಾಜಧಾನಿಯ ಅಂಗಳದಂತಾದವು. ಕಾಶ್ಮೀರದಿಂದ ಹೊರಟು ಎಷ್ಟೋ ಆಸ್ಥಾನಗಳನ್ನು ಕಂಡು ಬಂದ ಬಿಲ್ಹಣನಂಥ ಕವಿ ಆರನೆಯ ವಿಕ್ರಮಾದಿತ್ಯನಲ್ಲಿ ಆಶ್ರಯ ಪಡೆದು, ಕಲ್ಯಾಣವನ್ನು ಕಟ್ಟಿಸಿದ ಆಹವಮಲ್ಲನೆಂಬ ಬಿರುದಿನ ಅದೇ ಒಂದನೆಯ ಸೋಮೇಶ್ವರನನ್ನೂ ಆ ನಗರದ ವೈಭವವನ್ನೂ ಹೊಗಳಿದನು. ವಿಜ್ಞಾನೇಶ್ವರನ ‘ಮಿತಾಕ್ಷರಾ’ ಅಲ್ಲಿಯೇ ಹುಟ್ಟಿ ಭಾರತದ ಬಹುಭಾಗಕ್ಕೆ ದಾಯವಿಧಿಯಾಯಿತು. ಮೂರನೆಯ ಸೋಮೇಶ್ವರನು 1129ರ ಹೊತ್ತಿಗೆ ‘ಮಾನಸೋಲ್ಲಾಸ’ವನ್ನು ಬರೆದನು. ಆದರೆ ಇಂದು ಬಸವಕಲ್ಯಾಣಕ್ಕೆ ಹೋದವನಿಗೆ ಆ ಅರಮನೆ ಕಾಣದು. ಕಾಣುವ ಕೋಟೆಗೆ ಈಗಿನ ರೂಪವನ್ನು ಕೊಟ್ಟವರು ನಂತರದ ಸುಲ್ತಾನರು. ಚಾಲುಕ್ಯ ವೈಭವವನ್ನು ಅರಸುವವನು ಕೋಟೆಯಿಂದ ಹೊರಬಿದ್ದು ನಾರಾಯಣಪುರಕ್ಕೂ ಉಮರ್ಗಾಕ್ಕೂ ನಿಲಂಗಕ್ಕೂ ನಡೆಯಲೇಬೇಕು.

ಹಂಗೇರಿಯ ಸೆಕೆಶ್‌ಫೆಹೇರ್ವಾರ್ ಎಂಬ ನಗರದ ಗತಿಯೂ ಇಂಥದೇ. ನಮ್ಮ ಸೋಮೇಶ್ವರನು ಪಟ್ಟವೇರುವುದಕ್ಕೆ ಕೆಲವೇ ವರ್ಷ ಮೊದಲು, 1038ರಲ್ಲಿ ತೀರಿಕೊಂಡ ಸ್ತೇಫಾನ ಅರಸನು ಅಲ್ಲಿ ಕಟ್ಟಿಸಿದ ದೊಡ್ಡ ಇಗರ್ಜಿಯಲ್ಲಿ ಐದು ಶತಮಾನಗಳ ಕಾಲ ಆ ನಾಡಿನ ಅರಸರಿಗೆ ಕಿರೀಟಧಾರಣೆ ನಡೆಯಿತು, ಅವರಲ್ಲಿ ಅನೇಕರಿಗೆ ಸಮಾಧಿಯೂ ಆಯಿತು. 1601ರಲ್ಲಿ ಮದ್ದುಗುಂಡು ಸಿಡಿದು ಅದು ಹಾಳಾಯಿತು. ಆದರೂ ಅಲ್ಲಿಯ ಜನ ಉಳಿದ ಅಡಿಪಾಯವನ್ನು ಅಗೆದು ತೆಗೆದು, ಬೇಲಿ ಕಟ್ಟಿ, ತಮ್ಮ ರಾಜ್ಯದ ಹುಟ್ಟಿನ ಸಾಕ್ಷಿಯೆಂದು ಕಾಪಾಡಿಕೊಂಡಿದ್ದಾರೆ. ನಮ್ಮಲ್ಲಿ ಅಡಿಪಾಯವಲ್ಲ, ಗುಡಿಗಳೇ ನಿಂತಿವೆ.

1956ರಲ್ಲಿ ಹೈದರಾಬಾದು ರಾಜ್ಯವು ಒಡೆದಾಗ ಬೀದರ ಜಿಲ್ಲೆಯ ಅಹಮದಪುರ, ನಿಲಂಗ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು, ಕಲ್ಯಾಣವು ಮೈಸೂರಿಗೆ ಸೇರಿತು. ಅದಕ್ಕೆ ನನ್ನ ತಕರಾರಿಲ್ಲ, ಗಡಿ ಆಡಳಿತದ್ದು. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದ ‘ಕವಿರಾಜಮಾರ್ಗ’ವನ್ನು ಮುಂದಿಟ್ಟುಕೊಂಡು ಭೂಮಿ ಕೇಳುವವರ ಪಂಗಡಕ್ಕೂ ನಾನು ಸೇರಿದವನಲ್ಲ. ಆದರೆ ಆ ಗ್ರಂಥ ಹುಟ್ಟಿದ ಆಸ್ಥಾನದ ಒಡೆಯ ಅಮೋಘವರ್ಷನು ಶಾಸನದಲ್ಲಿ ತನ್ನನ್ನು ಲಟ್ಟಲೂರುಪುರದ ಒಡೆಯನೆಂದು ಹೇಳಿಕೊಂಡಿದ್ದಾನೆ; ಆ ಲಟ್ಟಲೂರು ಇಂದಿನ ಲಾತೂರೇ ಎಂಬುದು ವಿದ್ವಾಂಸರ ಮತ. ಮರಾಠಿ ಮಾತಾಡುವ ಲಾತೂರಿನ ಹುಡುಗನಿಗೂ ಕನ್ನಡ ಮಾತಾಡುವ ಬಸವಕಲ್ಯಾಣದ ಹುಡುಗನಿಗೂ ಈ ಇತಿಹಾಸ ಸಮನಾಗಿ ಸಲ್ಲಬೇಕು.

ಆದುದರಿಂದ ಅನುಭವಮಂಟಪವನ್ನು ನೋಡಲು ಬಸವಕಲ್ಯಾಣಕ್ಕೆ ಹೋಗುವ ಓದುಗರು ಇನ್ನೊಂದು ದಿನ ಉಳಿದು ಉಮರ್ಗಾ, ನಿಲಂಗಗಳನ್ನೂ ನೋಡಿ ಬರಬೇಕೆಂದೂ, ಆ ಗುಡಿಗಳ ಮುಂದಿನ ಫಲಕಗಳಲ್ಲಿ ಕಲ್ಯಾಣದ ಚಾಲುಕ್ಯರ ಹೆಸರನ್ನು ಮರಾಠಿ, ಕನ್ನಡ ಎರಡರಲ್ಲಿಯೂ ಬರೆಯಿಸಬೇಕೆಂದೂ ವಿನಂತಿಸುತ್ತೇನೆ.