ಬಾಲವಿಲ್ಲದ ಫೈಲ್

ಲಿನಕ್ಸ್‌ನಲ್ಲಿ ಯುಎಸ್‌ಆರ್, ಶೇರ್, ಎಕ್ಸ್11, ಎಕ್ಸ್‌ಕೆಬಿ, ಸಿಂಬಲ್ಸ್ ಎಂದು ಒಂದರೊಳಗೊಂದು ಡೈರೆಕ್ಟರಿ ಇಳಿಯುತ್ತ ಹೋದರೆ ತಳದಲ್ಲಿ ‘ಐಎನ್’ ಎಂಬ ಫೈಲ್ ಸಿಗುತ್ತದೆ. ಹೆಸರು ಇಂಗ್ಲಿಷಿನ ಎರಡೇ ಅಕ್ಷರ. ಮುಂದೆ ಚುಕ್ಕಿಯಿಲ್ಲ, ಟಿಎಕ್ಸ್‌ಟಿಯಂಥ ಬಾಲವಿಲ್ಲ. ಅಕ್ಕಪಕ್ಕದಲ್ಲಿ ಯುಎಸ್, ಎಫ್‌ಆರ್, ಡಿಇ ಎಂಬ ಇಂಥವೇ ಹತ್ತಾರು ಫೈಲುಗಳು. ಎಲ್ಲಕ್ಕೂ ಒಡೆಯ ರೂಟ್. ಇದನ್ನು ಕಂಡು ಕೆಲಸಕ್ಕೆ ಬಾರದ್ದೆಂದು ಅಳಿಸಹೊರಡುವವರೂ ಇದ್ದಾರೆ, ವೈರಸ್ಸೆಂದು ಹೆದರುವವರೂ ಇದ್ದಾರೆ. ತೆರೆದು ಓದುವವರು ಮಾತ್ರ ಕಡಿಮೆ.

ಫೈಲ್ ಎಲ್ಲಿ ಕೂತಿದೆ ಎಂಬುದರಿಂದಲೇ ಇದೇನೆಂಬುದಕ್ಕೆ ಅರ್ಧ ಉತ್ತರ ಸಿಗುತ್ತದೆ. ಯಾವ ಡೈರೆಕ್ಟರಿ ಯಾವುದಕ್ಕೆ ಎಂದು ಹೇಳುವ ‘ಹೈಯರ್’ ಎಂಬ ಮ್ಯಾನ್ ಪುಟ 1979ರ ಏಳನೇ ಆವೃತ್ತಿಯ ಯೂನಿಕ್ಸ್‌ನಿಂದಲೂ ಇದೆ. ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಗದ್ಯ ಇಲ್ಲ. ಲಿನಕ್ಸ್ ವಿತರಣೆಗಳು ಅನುಸರಿಸುವ ಡೈರೆಕ್ಟರಿ ಮಾನದಂಡ ಮೊದಲು ಬಂದದ್ದು 1994ರಲ್ಲಿ, ಅದರ ಮೂರನೇ ಆವೃತ್ತಿ 2015ರಲ್ಲಿ. ಇವುಗಳ ಪ್ರಕಾರ ಯುಎಸ್‌ಆರ್-ಶೇರ್ ಎಂದರೆ ಪ್ರೊಸೆಸರ್ ಯಾವುದೇ ಇರಲಿ ಬದಲಾಗದ, ಓದಲಷ್ಟೇ ಇರುವ ದತ್ತಾಂಶದ ಜಾಗ. ಅಂದರೆ ‘ಐಎನ್’ ಓಡುವ ಪ್ರೋಗ್ರಾಂ ಅಲ್ಲ, ಆ ಒಂದು ಯಂತ್ರದ ಸೆಟ್ಟಿಂಗೂ ಅಲ್ಲ. ಸೆಟ್ಟಿಂಗ್ ಆಗಿದ್ದರೆ ಇಟಿಸಿಯಲ್ಲಿರುತ್ತಿತ್ತು.

ಇನ್ನರ್ಧ ಉತ್ತರ ಪ್ಯಾಕೇಜ್ ವ್ಯವಸ್ಥೆಯ ಬಳಿ ಇದೆ. ಡೆಬಿಯನ್, ಉಬುಂಟುಗಳಲ್ಲಿ ಡಿಪಿಕೆಜಿಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಫೈಲಿನ ಪೂರ್ಣ ಹಾದಿ ಬರೆದರೆ ‘ಎಕ್ಸ್‌ಕೆಬಿ-ಡೇಟಾ’ ಎಂಬ ಪ್ಯಾಕೇಜಿನ ಹೆಸರು ಬರುತ್ತದೆ. ಫೆಡೋರಾದಲ್ಲಿ ಆರ್‌ಪಿಎಂಗೆ ಕ್ಯೂಎಫ್ ಆಯ್ಕೆ ಕೊಟ್ಟರೆ ‘ಎಕ್ಸ್‌ಕೀಬೋರ್ಡ್-ಕಾನ್ಫಿಗ್’. ಇಲ್ಲಿಗೆ ಗುಟ್ಟು ರಟ್ಟು: ಇದು ಕೀಲಿಮಣೆಯ ನಕ್ಷೆ, ಐಎನ್ ಎಂಬುದು ಇಂಡಿಯಾದ ದೇಶಸಂಕೇತ. ಹುಡುಕುತಾಣಕ್ಕೆ ಹೋಗಿ ಹತ್ತು ಜನರ ಊಹೆ ಓದುವ ಹೊತ್ತಿನಲ್ಲಿ ಈ ಕೆಲಸ ಮೂರು ಸಲ ಮುಗಿದಿರುತ್ತದೆ.

ಲೆಸ್‌ನಲ್ಲಿ ತೆರೆದರೆ ಸಾದಾ ಪಠ್ಯ. ಒಂದು ಸಾಲು ಎಸಿ08 ಎಂಬ ಕೀಲಿಯದು. ಮೊದಲ ಅಕ್ಷರ ಕೀಲಿಮಣೆಯ ಮುಖ್ಯ ಭಾಗವನ್ನೂ, ಎರಡನೆಯದು ಸ್ಪೇಸ್‌ಬಾರ್ ಇರುವ ತಳದ ಸಾಲನ್ನು ಎ ಎಂದಿಟ್ಟು ಮೇಲಕ್ಕೆ ಎಣಿಸಿದಾಗ ಬರುವ ಸಾಲನ್ನೂ, ಅಂಕಿ ಆ ಸಾಲಿನ ಎಷ್ಟನೇ ಕೀಲಿ ಎಂಬುದನ್ನೂ ಹೇಳುತ್ತವೆ. ಬೆರಳಿಗೆ ಸಿಗುವುದು ಇಂಗ್ಲಿಷಿನ ಕೆ ಕೀಲಿ. ‘ಕ್ಯಾನ್’ ಎಂಬ ಕನ್ನಡ ವಿಭಾಗದಲ್ಲಿ ಅದರೆದುರು ಎರಡು ಯೂನಿಕೋಡ್ ಸಂಖ್ಯೆಗಳಿವೆ: 0ಸಿ95 ಮತ್ತು 0ಸಿ96. ಸುಮ್ಮನೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಇದು 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ. ಇದರಲ್ಲಿ ‘ರಾವೂರ’ ಎಂಬ ಊರಿನ ಹೆಸರು ಹೊಡೆಯಲು ಜೆ, ಇ, ಬಿ, ಟಿ, ಜೆ.

ಫೈಲನ್ನು ಕೆಳಗೆ ಸರಿಸುತ್ತ ಹೋದರೆ ತೆಲುಗು, ಉರ್ದು, ಮರಾಠಿ, ಹಿಂದಿ ಎಲ್ಲ ಅದೇ ಫೈಲಿನೊಳಗೆ ಸಿಗುತ್ತವೆ. ಗಡಿನಾಡಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಬಜಾರಿನಲ್ಲಿ ಒಂದು ಸುತ್ತು ಹಾಕಿದವರಿಗೆ ಈ ಸಹಬಾಳ್ವೆಯಲ್ಲಿ ಹೊಸತೇನೂ ಕಾಣದು. ಇನ್‌ಸ್ಕ್ರಿಪ್ಟ್‌ನ ಬಲವೂ ಇದೇ. ಅದರಲ್ಲಿ ಧ್ವನಿಗೊಂದು ಜಾಗ, ಲಿಪಿ ಯಾವುದಾದರೂ ಸರಿ. ಕನ್ನಡದಲ್ಲಿ ಕೈ ಕುದುರಿದ ಸೇಡಂನ ಟೈಪಿಸ್ಟ್ ಗಡಿಯಾಚೆಯ ತೆಲುಗು ಅರ್ಜಿಯನ್ನೂ ಅದೇ ಬೆರಳುಗಳಲ್ಲಿ ಹೊಡೆಯಬಲ್ಲ. ಉರ್ದುವಿನ ಲಿಪಿಕುಲ ಬೇರೆ, ಅದರ ನಕ್ಷೆಯೂ ಬೇರೆ.

ಇನ್ನು ಮುಂದಿನದು ಫೈಲಿನ ಉದ್ದೇಶಕ್ಕಿಂತ ಸ್ವಾರಸ್ಯದ ಸಂಗತಿ. ಇದೇ ಫೈಲಿನಲ್ಲಿ ‘ಕ್ಯಾನ್-ಕಗಪ’ ಎಂಬ ಇನ್ನೊಂದು ಕನ್ನಡ ವಿಭಾಗವಿದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು, ‘ನುಡಿ’ ತಂತ್ರಾಂಶವನ್ನು ಕೊಟ್ಟ ಸಂಸ್ಥೆ. ವಿನ್ಯಾಸದ ಮೂಲ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು. ರಾಜ್ಯ ಸರಕಾರ ಮಾನ್ಯ ಮಾಡಿದ್ದೂ ಅದನ್ನೇ. ತಮಾಷೆಯೆಂದರೆ ಆ ಹೆಸರು ಕನ್ನಡಕ್ಕೇ ನಿಂತಿಲ್ಲ. ಹಿಂದಿ-ಕಗಪ, ಸಂಸ್ಕೃತ-ಕಗಪ, ಮರಾಠಿ-ಕಗಪ, ತೆಲುಗು-ಕಗಪ ಎಂಬ ವಿಭಾಗಗಳೂ ಅಲ್ಲೇ ಇವೆ. ಹಿಂದಿ ಕೀಲಿಮಣೆ ಆರಿಸುವ ಎಷ್ಟೋ ಜನ ಕನ್ನಡ ಸಂಸ್ಥೆಯೊಂದರ ಹೆಸರಿನ ಮೇಲೆ ಕ್ಲಿಕ್ ಮಾಡುತ್ತಿದ್ದಾರೆ, ಅವರಿಗೆ ಅದು ಗೊತ್ತಿರಲಿಕ್ಕಿಲ್ಲ.

ಕಗಪದ ಜಾಣತನ ಇರುವುದು ಅಕಾರವನ್ನು ಬಿಟ್ಟುಕೊಟ್ಟದ್ದರಲ್ಲಿ. ವ್ಯಂಜನದ ಕೀಲಿ ಒತ್ತಿದರೆ ಅಕಾರ ಸೇರಿಕೊಂಡೇ ಬರುತ್ತದೆ, ಒತ್ತಕ್ಷರ ಬೇಕಾದಾಗ ಎಫ್ ಒತ್ತಬೇಕು. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದು ಒತ್ತು. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಕನ್ನಡವಾಗಿಸುವ ಲಿಪ್ಯಂತರ ಪಂಥದವರಿಗೆ ಅದೇ ಪದಕ್ಕೆ ಏಳು. ಕಲಿಯಲು ಸುಲಭ ಎಂಬ ಅವರ ವಾದ ಮೊದಲ ವಾರಕ್ಕೆ ನಿಜ, ಆಮೇಲಿನ ವರ್ಷಗಳಿಗೆ ಅಲ್ಲ. ಇನ್ನೂ ಹಳೆಯ ಜಗಳ ಆಸ್ಕಿ ಫಾಂಟುಗಳದು. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಚಿತ್ರ ತೊಡಿಸುವ ಆ ಪದ್ಧತಿಯಲ್ಲಿ ಸಿದ್ಧವಾದ ಲಗ್ನಪತ್ರಿಕೆ ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ವಧೂವರರ ಹೆಸರೂ ಓದಲು ಬಾರದ ಚಿಹ್ನೆಗಳ ರಾಶಿ. ಡಿಟಿಪಿ ಅಂಗಡಿಗಳಲ್ಲಿ ಇದು ಇನ್ನೂ ಉಸಿರಾಡುತ್ತಿರುವುದಕ್ಕೆ ಹಳೆಯ ಡಿಸೈನ್ ಫೈಲುಗಳ ಗುಡ್ಡೆಯೇ ಕಾರಣ, ಬೇರೆ ಗುಣವಲ್ಲ.

‘ಐಎನ್’ ಫೈಲಿಗೂ ಒಂದು ಮಿತಿಯಿದೆ. ಈ ನಕ್ಷೆಯನ್ನು ಬಳಸುವ ಎಕ್ಸ್‌ಕೆಬಿಗೆ ಹಿಂದಿನ ಒತ್ತಿನ ನೆನಪಿರುವುದಿಲ್ಲ. ನುಡಿಯಲ್ಲಿ ಐ ಕೀಲಿ ಪದದ ಮೊದಲಿಗೆ ಇ ಆಗುತ್ತದೆ, ವ್ಯಂಜನದ ಮುಂದೆ ಗುಡಿಸು ಆಗುತ್ತದೆ. ಎಕ್ಸ್‌ಕೆಬಿಗೆ ಆ ವಿವೇಚನೆ ಇಲ್ಲದ್ದರಿಂದ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಜಾಗ ಕೊಡಲೇಬೇಕು. ನುಡಿಯ ಅನುಭವವೇ ಬೇಕೆಂದವರು ನೋಡಬೇಕಾದ ಫೈಲ್ ಯುಎಸ್‌ಆರ್-ಶೇರ್‌ನ ಎಂ17ಎನ್ ಡೈರೆಕ್ಟರಿಯಲ್ಲಿರುವ ‘ಕೆಎನ್-ಕೆಜಿಪಿ’. ಅದು ಲಿಸ್ಪ್ ಶೈಲಿಯ ಕಂಸಗಳಲ್ಲಿ ಬರೆದ ನಿಯಮಗಳ ಪಟ್ಟಿ. ಯಾವ ಕೀಲಿಯ ನಂತರ ಯಾವುದು ಬಂದರೆ ಏನಾಗಬೇಕು ಎಂಬುದು ಅಲ್ಲಿದೆ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ ಓದುವುದು ಅದನ್ನು. ‘ರಾವೂರ’ ಇಲ್ಲಿ ಆರ್, ಶಿಫ್ಟ್ ಎ, ವಿ, ಶಿಫ್ಟ್ ಯು, ಆರ್.

ನಕ್ಷೆ ಅರ್ಥವಾದ ಮೇಲೆ ತಿದ್ದುವ ಆಸೆ ಹುಟ್ಟುವುದು ಸಹಜ. ರೂಟ್ ಆಗಿ ಮೂಲ ಫೈಲನ್ನೇ ತಿದ್ದಿದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿ ಹಾಕುತ್ತದೆ. ಕಂಸವೊಂದು ತಪ್ಪಿದರೆ ಜೊತೆಗಿರುವ ಬೇರೆ ಭಾಷೆಗಳ ನಕ್ಷೆಯೂ ಕೆಡಬಹುದು. ವೇಲ್ಯಾಂಡ್ ಇರುವ ಹೊಸ ವ್ಯವಸ್ಥೆಗಳಲ್ಲಿ ಹೋಮ್ ಡೈರೆಕ್ಟರಿಯ ಚುಕ್ಕಿ-ಕಾನ್ಫಿಗ್ ಒಳಗೆ ಎಕ್ಸ್‌ಕೆಬಿ, ಅದರೊಳಗೆ ಸಿಂಬಲ್ಸ್ ಎಂಬ ಫೋಲ್ಡರ್ ಮಾಡಿ ಸ್ವಂತ ನಕ್ಷೆಯನ್ನು ಬೇರೆ ಹೆಸರಿನಲ್ಲಿ ಇಡಬಹುದು. ಹಳೆಯ ಎಕ್ಸ್11ನಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಎಕ್ಸ್‌ಕೆಬಿಕಾಂಪ್‌ಗೆ ದೊಡ್ಡ ಐ ಆಯ್ಕೆ ಕೊಟ್ಟು ಸ್ವಂತ ಡೈರೆಕ್ಟರಿಯನ್ನು ತೋರಿಸಬೇಕಾಗುತ್ತದೆ.