ಎರಡು ಬೆರಳುಗಳ ಬೆಲೆ

ಮೈಕಲ್ ಮೂರ್ ಅವರ ‘ಸಿಕೊ’ (2007) ಸಾಕ್ಷ್ಯಚಿತ್ರದ ಆರಂಭದಲ್ಲಿ ಒಬ್ಬ ಅಮೆರಿಕನ್ ಬರುತ್ತಾನೆ. ಗರಗಸಕ್ಕೆ ಸಿಕ್ಕಿ ಅವನ ಎರಡು ಬೆರಳುಗಳ ತುದಿ ತುಂಡಾಗಿವೆ. ವಿಮೆಯಿಲ್ಲ. ನಡುಬೆರಳು ಜೋಡಿಸಲು 60,000 ಡಾಲರ್, ಉಂಗುರ ಬೆರಳಿಗೆ 12,000. ಅವನು ಉಂಗುರ ಬೆರಳನ್ನು ಆರಿಸಿಕೊಳ್ಳುತ್ತಾನೆ. ಆದರೆ ಮೂರ್ ಹೇಳಹೊರಟಿರುವುದು ಇಂಥವರ ಕತೆಯನ್ನಲ್ಲ, ವಿಮೆಯಿದ್ದೂ ವಂಚಿತರಾದವರ ಕತೆಯನ್ನು.

ಕ್ಯಾಮೆರಾ ಮುಂದೆ ಕೆನಡಾ, ಬ್ರಿಟನ್, ಫ್ರಾನ್ಸ್‌ಗಳಿಗೆ ಹೋಗುತ್ತದೆ. ಬ್ರಿಟನ್ನಿನ ಆಸ್ಪತ್ರೆಯೊಂದರಲ್ಲಿ ‘ಕ್ಯಾಷಿಯರ್’ ಎಂಬ ಫಲಕ ಕಂಡಾಗ, ಹಣ ಕೀಳುವ ಜಾಗ ಕೊನೆಗೂ ಸಿಕ್ಕಿತು ಎಂದುಕೊಳ್ಳುತ್ತೇವೆ. ಆದರೆ ಆ ಕಿಟಕಿ ಇರುವುದು ಬಡ ರೋಗಿಗಳಿಗೆ ಪ್ರಯಾಣದ ಖರ್ಚು ಕೊಡಲಿಕ್ಕೆ! 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅವಶೇಷಗಳ ನಡುವೆ ದುಡಿದು ಆರೋಗ್ಯ ಕೆಡಿಸಿಕೊಂಡವರು ಕ್ಯೂಬಾದಲ್ಲಿ ಚಿಕಿತ್ಸೆ ಪಡೆಯುತ್ತಾರೆ. ತನ್ನ ನಾಡಿನಲ್ಲಿ 120 ಡಾಲರ್ ತೆರುತ್ತಿದ್ದ ಇನ್‌ಹೇಲರ್ ಅಲ್ಲಿ ಐದು ಸೆಂಟಿಗೆ ಸಿಕ್ಕಾಗ ಒಬ್ಬಾಕೆಗೆ ನೋವೂ ಸಿಟ್ಟೂ ಒಟ್ಟಿಗೇ ಉಕ್ಕುತ್ತವೆ.

ಚಿತ್ರದ ಶಕ್ತಿ ಇಂಥ ಮುಖಗಳಲ್ಲಿದೆ. ದೌರ್ಬಲ್ಯ ಇರುವುದು ಹೋಲಿಕೆಯಲ್ಲಿ. ಮೂರ್ ಕಣ್ಣಿಗೆ ಹೊರನಾಡುಗಳೆಲ್ಲ ಒಂದೇ ‘ಉಚಿತ’ ಸ್ವರ್ಗ. ವಾಸ್ತವದಲ್ಲಿ ಬ್ರಿಟನ್ ತೆರಿಗೆಯಿಂದ ಆಸ್ಪತ್ರೆ ನಡೆಸುತ್ತದೆ. ಫ್ರಾನ್ಸಿನದು ಸಾಮಾಜಿಕ ವಿಮೆ. ರೋಗಿಯೂ ಒಂದು ಪಾಲು ಭರಿಸಬೇಕು, ಅದಕ್ಕೆಂದೇ ಬಹುತೇಕರು ಪೂರಕ ವಿಮೆ ಮಾಡಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2000ರ ಪಟ್ಟಿಯಲ್ಲಿ ಅಮೆರಿಕಕ್ಕೆ 37ನೇ ಸ್ಥಾನವೆಂದು ಚಿತ್ರ ಹಂಗಿಸುತ್ತದೆ. ಅದೇ ಪಟ್ಟಿಯಲ್ಲಿ ಕ್ಯೂಬಾ ಇರುವುದು 39ರಲ್ಲಿ.

ಇನ್ನೂ ಮುಖ್ಯವಾದ ಪ್ರಶ್ನೆ ಹಣದ್ದು. ಚಿತ್ರ ಬಂದಾಗ ಅಮೆರಿಕ ತನ್ನ ಒಟ್ಟು ದೇಶೀಯ ಉತ್ಪನ್ನದ ಸುಮಾರು ಶೇ. 16ರಷ್ಟನ್ನು ಆರೋಗ್ಯಕ್ಕೆ ಸುರಿಯುತ್ತಿತ್ತು, ಫ್ರಾನ್ಸ್ ಸುಮಾರು ಶೇ. 11ರಷ್ಟನ್ನು. ಈ ಅಂತರವೇಕೆ? ಊವೆ ರೈನ್‌ಹಾರ್ಟ್ ಮತ್ತಿತರ ಅರ್ಥಶಾಸ್ತ್ರಜ್ಞರು 2003ರಲ್ಲೇ ಉತ್ತರ ಕೊಟ್ಟಿದ್ದರು: ಅಮೆರಿಕನ್ನರು ಇತರರಿಗಿಂತ ಹೆಚ್ಚು ಸಲ ವೈದ್ಯರ ಬಳಿ ಹೋಗುವುದಿಲ್ಲ, ಹೆಚ್ಚು ದಿನ ಆಸ್ಪತ್ರೆಯಲ್ಲಿ ಮಲಗುವುದೂ ಇಲ್ಲ, ಅದೇ ಸೇವೆಗೆ ಹೆಚ್ಚು ಬೆಲೆ ತೆರುತ್ತಾರೆ. ವಿಮಾ ಕಂಪೆನಿಗಳನ್ನೇ ಖಳನಾಯಕರನ್ನಾಗಿಸಿದ ಮೂರ್, ಬೆರಳಿಗೆ 60,000 ಡಾಲರ್ ಎಂದ ಆಸ್ಪತ್ರೆಯ ಬೆಲೆಪಟ್ಟಿಯನ್ನು ಪ್ರಶ್ನಿಸುವ ಗೋಜಿಗೇ ಹೋಗುವುದಿಲ್ಲ.

2010ರ ಒಬಾಮಾ ಕಾನೂನಿನಿಂದ ವಿಮೆಯಿಲ್ಲದವರ ಸಂಖ್ಯೆ ಇಳಿಯಿತು. ಆದರೆ 2023ರಲ್ಲಿ ಅಮೆರಿಕದ ವೆಚ್ಚ ಶೇ. 17ನ್ನೂ ಮೀರಿತ್ತು. ಅದೇ ವರ್ಷ ಇಂಗ್ಲೆಂಡಿನ ಆಸ್ಪತ್ರೆಗಳ ಕಾಯುವ ಪಟ್ಟಿ 70 ಲಕ್ಷ ದಾಟಿತ್ತು. ಹಾಗೆಂದು ಎರಡೂ ಒಂದೇ ಎನ್ನಲಾಗದು. ಸರದಿಯಲ್ಲಿ ಕಾಯುವವನಿಗೆ ನೋವಿದೆ, ನಿಜ. ಆದರೆ ಯಾವ ಬೆರಳನ್ನು ಬಿಟ್ಟುಕೊಡುತ್ತೀ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಅಂಕಿಅಂಶಗಳಲ್ಲಿ ಎಡವಿದರೂ ಈ ವ್ಯತ್ಯಾಸವನ್ನು ಮನಗಾಣಿಸುವುದರಿಂದಲೇ ‘ಸಿಕೊ’ ಇಂದಿಗೂ ನೋಡಬೇಕಾದ ಚಿತ್ರ.